ಒಂದು ತಟ್ಟಿದರೆ ನಿಲ್ಲಬೇಕು

ಮನೆ, ಅಡುಗೆಮನೆಯ ಮೇಜು
ಮಾರ್ಚ್ ೧೨, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಗುಂಡಮ್ಮಾ,

ಹೇಗಿದ್ದೀಯೇ ಕಂದಾ? ದಿನವಿಡೀ ಬಸ್ಸು ಓಡಿಸಿ ಸೊಂಟ ಹಿಡಿದುಕೊಂಡಿದೆ ಅಂದಿದ್ದೆಯಲ್ಲ, ಈಗ ಹೇಗಿದೆ? ಸೀಟಿಗೊಂದು ದಿಂಬು ಇಟ್ಟುಕೋ ಅಂದರೆ ನಿನಗೆ ನಾಚಿಕೆ. ನಿನ್ನ ದಿಂಬು ನೋಡುವುದಕ್ಕೆ ಜನ ಬಸ್ಸು ಹತ್ತುತ್ತಾರೇನೇ? ನನ್ನ ಮಂಡಿನೋವು ಹಾಗೇ ಇದೆ, ಪಾಪ, ಅದಕ್ಕೂ ನನ್ನನ್ನು ಬಿಟ್ಟರೆ ಯಾರಿದ್ದಾರೆ.

ಹೋದ ವಾರ ಡಬ್ಬಿ ಕಟ್ಟಿಕೊಂಡು ಕೆರೆಯ ಕಡೆ ಹೋಗಿದ್ದೆವು. ಕಾರಿನ ಹಿಂದೆ ಎಳೆಯುವ ಆ ಪುಟ್ಟ ಗಾಲಿಮನೆಗೆ ಡಬ್ಬಿ ಅಂತ ಹೆಸರಿಟ್ಟವಳೇ ನೀನು. ಬಡಗಿ ಕೆಲಸ ಬಿಟ್ಟು ಗರಗಸ ಮೂಲೆಗಿಟ್ಟ ಮೇಲೆ ನಿಮ್ಮಪ್ಪನಿಗೆ ಅದೇ ಪ್ರಪಂಚ. ಈ ಸಲ ಡಾಂಬರು ಮುಗಿದ ಮೇಲೂ ಎರಡು ಗಂಟೆ ಮಣ್ಣುದಾರಿ. ಫೋನಿಗೆ ಸಿಗ್ನಲ್ ಇಲ್ಲ, ಸುತ್ತ ನರಪಿಳ್ಳೆ ಇಲ್ಲ. ಮೊದಲ ದಿನವೇ ಡಬ್ಬಿಯ ನೀರಿನ ಟ್ಯಾಂಕ್ ಸೋರಿ ಹಾಸಿಗೆ ಒದ್ದೆ, ಉಳಿದದ್ದು ಒಂದು ಕ್ಯಾನು ನೀರು. ಗ್ಯಾಸ್ ಒಲೆ ಗಾಳಿಗೆ ಹತ್ತು ಸಲ ಆರಿತು. ನಾನೇನು ಸುಮ್ಮನಿರುತ್ತೇನೆಯೇ, ಚೆನ್ನಾಗಿ ಬೈದೆ. ಆದರೆ ಬೆಳಿಗ್ಗೆ ಬಾಗಿಲು ತೆರೆದರೆ ಮೆಟ್ಟಿಲ ಬುಡದಲ್ಲೇ ಕೆರೆ! ಬೈದದ್ದೆಲ್ಲ ಮರೆತುಹೋಯಿತು. ಇಬ್ಬರೂ ಚಹಾ ಹಿಡಿದು ಕೂತೆವು. "ಯಾವ್ಯಾವ ಹಕ್ಕಿ ಬಂದಿದೆ, ಹೇಳೇ" ಅಂದರು. ಮದುವೆಯಾಗಿ ಮೂವತ್ತೆಂಟು ವರ್ಷಕ್ಕೆ ನನ್ನ ಮಾತು ಕೇಳುವ ಆಸೆ ಬಂತಲ್ಲ ಎಂದು ಬೀಗಿದೆ ಕಣೇ. ಒಂದೊಂದನ್ನೂ ಬಣ್ಣ ಸಮೇತ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು.

ಮೂರನೆಯ ದಿನ ಡಬ್ಬಿಯನ್ನು ನೆರಳಿಗೆ ಸರಿಸೋಣವೆಂದರು. ಕಾರನ್ನು ಹಿಂದಕ್ಕೆ ತೆಗೆಯುವಾಗ ಡಬ್ಬಿಯ ತಗಡು ತಟ್ಟುವುದು ನನ್ನ ಕೆಲಸವಲ್ಲವೇ: ಎರಡು ತಟ್ಟಿದರೆ ಬಾ, ಒಂದು ತಟ್ಟಿದರೆ ನಿಲ್ಲು. ನಿನಗೂ ಹಾಗೇ ಕಲಿಸಿದ್ದರು. ಅವತ್ತು ಬಿಸಿಲಿಗೆ ತಗಡು ಕೆಂಡವಾಗಿತ್ತು. ಇಷ್ಟಕ್ಕೆಲ್ಲ ಕೈ ಯಾಕೆ ಸುಟ್ಟುಕೊಳ್ಳಲಿ ಎಂದು ಕಾರಿನ ಕನ್ನಡಿಯಲ್ಲಿ ಕಾಣುವಂತೆ ಪಕ್ಕಕ್ಕೆ ನಿಂತು ಕೆಂಪು ಟವೆಲ್ ಬೀಸಿದೆ. ನಿಲ್ಲಿಸಲಿಲ್ಲ. ಬರುತ್ತಲೇ ಇದ್ದರು. ನಾನು ಹಿಂದಕ್ಕೆ ಬಿದ್ದೆ, ನೀರಿನ ಕ್ಯಾನು ಗಾಲಿಗೆ ಸಿಕ್ಕಿ ಒಡೆಯಿತು. ಆ ಸದ್ದಿಗೆ ನಿಲ್ಲಿಸಿದರು. ಓಡಿಬಂದು ನನ್ನನ್ನು ಎಬ್ಬಿಸಿ, "ಯಾಕೆ ತಟ್ಟಲಿಲ್ಲ?" ಅಂದರು. ಕನ್ನಡಿಯಲ್ಲಿ ಕಾಣಲಿಲ್ಲವೇ ಎಂದರೆ, "ಧೂಳು ಹಿಡಿದಿದೆ" ಅಂದರು. ಬೆಳಿಗ್ಗೆ ತಾನೇ ಆ ಕನ್ನಡಿ ಒರೆಸಿದವಳು ನಾನು.

ಕುಡಿಯಲು ಹನಿ ನೀರಿಲ್ಲ, ಕೆರೆಯದು ಕುಡಿಯುವಂಥದಲ್ಲ, ಕರೆಯಲು ಫೋನಿಲ್ಲ, ನನಗೆ ಓಡಿಸಲು ಬರುವುದಿಲ್ಲ. ಅವರೇ ಸ್ಟೀರಿಂಗ್ ಹಿಡಿದರು. ಎಡಕ್ಕೆ ಗುಂಡಿ, ಮುಂದೆ ತಿರುವು, ಬಲಕ್ಕೆ ಕಲ್ಲು ಎಂದು ಹೇಳುತ್ತ ಬಂದೆ. ನಾನ್ಯಾಕೆ ಹೇಳುತ್ತಿದ್ದೇನೆ ಎಂದು ಅವರು ಕೇಳಲಿಲ್ಲ. ಅಳು ಬಂತು, ಅಳಲಿಲ್ಲ. ದಾರಿ ಹೇಳಬೇಕಿತ್ತಲ್ಲ. ಒಂದು ಇಳಿಜಾರಿನಲ್ಲಿ ಸೌದೆ ಹೊತ್ತ ಮುದುಕಿಯೊಬ್ಬಳು ಪೊದೆಯಿಂದ ದಾರಿಗೆ ಬಂದಳು. ಬಾಯಲ್ಲಿ ಹೇಳುವಷ್ಟು ಹೊತ್ತೆಲ್ಲಿತ್ತು ಗುಂಡಮ್ಮಾ. ಡ್ಯಾಶ್‌ಬೋರ್ಡಿಗೆ ಒಂದೇ ಏಟು ಹೊಡೆದೆ. ಅಭ್ಯಾಸಬಲ, ತಕ್ಷಣ ಬ್ರೇಕ್ ಹಾಕಿದರು. ಮುದುಕಿ ಮೊಳ ದೂರದಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದಾಳೆ. ಇವರು, "ಏನೇ ಅದು?" ಅಂದರು. ನನ್ನ ಬಾಯಲ್ಲಿ ಏನು ಬಂತೋ, ಹಸು ಅಂದುಬಿಟ್ಟೆ.

"ಹೂಂ, ಹಸು. ನಾನೂ ನೋಡ್ದೆ" ಅಂದರು.

ಮನೆಗೆ ಬಂದು ಐದು ದಿನವಾಯಿತು. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದರೆ ಕೆಂಡಾಮಂಡಲ. ನಿನ್ನೆ ಡಬ್ಬಿಯ ಗಾಲಿಗೆ ಗ್ರೀಸ್ ಹಚ್ಚುತ್ತಿದ್ದರು, ಕೈಯಲ್ಲೇ ತಡವಿ ತಡವಿ. ಮುಂದಿನ ತಿಂಗಳು ಮತ್ತೆ ಅಲ್ಲಿಗೇ ಅಂತೆ. ಸಂಕಟವಾಗುತ್ತದೆ. ನಿಲ್ಲಿ ಎಂದು ಹೇಳಬೇಕಾದವಳು ನಾನೇ, ಆದರೆ ಆ ಮುಖ ನೋಡಿದರೆ ನಾಲಿಗೆ ಏಳುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಬಸ್ಸು ಹತ್ತಿದವರೆಲ್ಲ ಸುಖವಾಗಿ ಮನೆ ಸೇರಲಿ, ನೀನೂ ನೂರು ಕಾಲ ಚೆನ್ನಾಗಿರು.

ನಿನ್ನ
ಅಮ್ಮ

ಮರೆತಿದ್ದೆ: ಲಕೋಟೆಯಲ್ಲಿ ಬಟ್ಟೆ ಸುತ್ತಿ ಇಟ್ಟಿರುವುದು ಕಾರಿನ ಕೀ, ಎರಡೂ. ಜೋಪಾನ. ರಜೆ ಸಿಕ್ಕಾಗ ಬಂದು ನೀನೇ ಓಡಿಸು, ಅವರನ್ನು ಪಕ್ಕದಲ್ಲಿ ಕೂರಿಸಿಕೋ. ನಾನು ಕಳಿಸಿದೆನೆಂದು ಮಾತ್ರ ಸಾಯುವವರೆಗೂ ಹೇಳಬೇಡ. ಬೆಳಗಿನಿಂದ ಹುಡುಕುತ್ತಿದ್ದಾರೆ. ಈಗಲೂ ಕರೆಯುತ್ತಿದ್ದಾರೆ, "ನಿನ್ನ ಕಣ್ಣು ಚುರುಕು, ಸ್ವಲ್ಪ ಬಂದು ನೋಡೇ" ಅಂತ. ಹೋಗಿ ನಾನೂ ಅವರ ಜೊತೆ ಹುಡುಕಬೇಕು.