ಇನ್ನೊಂದು ರೊಟ್ಟಿ

ಧನಕವಡಿ, ೨೦೦೩

ರೀ,

ತೀರಿಹೋದವರು ಓದುವುದಿಲ್ಲವೆಂದು ಗೊತ್ತಿದ್ದೂ ನಿಮಗೆ ಬರೆಯುತ್ತಿದ್ದೇನೆ. ಇವತ್ತು ನಮ್ಮ ಖಾನಾವಳಿಯಿಂದ ಹಡಪಸರದ ಆಫೀಸುಗಳಿಗೆ ಮೊದಲ ಸಲ ಊಟದ ಡಬ್ಬಿಗಳು ಹೋದವು. ನಿನ್ನೆ ಮಗಳು ಸುರಭಿ, "ಯಾವ ಒಂದು ಸಂಗತಿ ತಪ್ಪಿದರ ನಮ್ಮ ಧಂದೆ ಮುಳಗತದ?" ಎಂದು ಕೇಳಿದಳು.

"ಮಾಲಕರು ಊಟಕ್ಕ ಕುಂತವರಿಗೆ 'ಇನ್ನೊಂದು ರೊಟ್ಟಿ ಹಾಕಲೇನ್ರಿ' ಅಂತಿದ್ರಲ್ಲ, ಅದು," ಎಂದ ಅಡುಗೆಯ ಮುರುಗೆಪ್ಪ, ನಿಮ್ಮನ್ನು ನೆನೆದು.

"ಡಬ್ಬಿ ಹೆಂಗ ಕೇಳತದ ಕಾಕಾ?" ಎಂದು ಸುರಭಿ ನಕ್ಕಳು.

ಅದಕ್ಕೇ ಪ್ರತಿ ಡಬ್ಬಿಯಲ್ಲೂ ಒಂದು ರೊಟ್ಟಿಯನ್ನು ಬೇರೆ ಕಾಗದದಲ್ಲಿ ಸುತ್ತಿ ಹೆಚ್ಚಿಗೆ ಇಟ್ಟೆ. ಸಂಜೆ ಡಬ್ಬಿಗಳೆಲ್ಲ ಖಾಲಿಯಾಗಿ ಬಂದವು. ನಾಳೆಗೆ ಇನ್ನಷ್ಟು ಡಬ್ಬಿ ಬೇಕಂತೆ.

ಆಮೇಲೆ ಊಟಕ್ಕೆ ಕುಳಿತೆ. ನೀವು ಕೇಳಿದಾಗಲೆಲ್ಲ ಸಾಕು ಎನ್ನುವುದೇ ನನ್ನ ರೂಢಿಯಾಗಿತ್ತು. ಇವತ್ತು ಯಾರೂ ಕೇಳಲಿಲ್ಲ. ನಾನೇ ಇನ್ನೊಂದು ಹಾಕಿಕೊಂಡೆ.

ನಿಮ್ಮ ಗೋದಾ