ಬೆಲ್ಲ ತಿಂದು ಕಲಿತ ಪಾಠ

ಹಿಂದೂಪುರ
೧೮-೭-೨೦೨೧, ಭಾನುವಾರ

ಚಿ. ಸೌ. ಧನಲಕ್ಷ್ಮಿಗೆ ನಿನ್ನ ಅತ್ತೆ ಪದ್ಮಾವತಮ್ಮನ ಆಶೀರ್ವಾದ.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆದು ಅಲ್ಲಿನ ಕ್ಷೇಮ ಕೇಳುವುದು ವಾಡಿಕೆ. ಆ ಸಾಲನ್ನು ಈ ಸಲ ಬಿಟ್ಟಿದ್ದೇನೆ. ಅರ್ಧ ಆಯುಸ್ಸು ಸೀರೆ ಗಂಟು ಹೊತ್ತು ರೊದ್ದಂ, ಪೆನುಕೊಂಡದ ಕಡೆ ಊರೂರು ತಿರುಗಿ ಮಾತಿನಿಂದಲೇ ಮಗ್ಗದ ಮನೆ ಕಟ್ಟಿದವಳು ನಾನು. ಎಳೆ ಹೋದ ಸೀರೆಯನ್ನೂ ನಗುನಗುತ್ತ ಮಾರಿದ್ದೇನೆ. ಆದರೂ ಆ ಒಂದು ಸಾಲು ಬರೆಯಲು ಕೈ ಏಳಲಿಲ್ಲ.

ನೂಲಿನ ಗಾಡಿಯ ತಿಪ್ಪೇಸ್ವಾಮಿ ನಿನ್ನೆ ಕಲ್ಯಾಣದುರ್ಗದಿಂದ ಬಂದವನೇ ನಿನ್ನ ಮಾತು ಮುಟ್ಟಿಸಿದ. “ಆನಂದಣ್ಣನ ಕೈ ಹಿಂಗಾಯ್ತು ಅಂತ ಕೇಳಿ ಧನಕ್ಕ ಒಂದೇ ಸಮ ಅಳ್ತಾವ್ಳೆ. ಬುಧವಾರ ಪಾಪನ್ನ ಕರ್ಕೊಂಡು ಬತ್ತೀನಿ ಅಂತ ಹೇಳವ್ಳೆ ಪದ್ಮಕ್ಕ” ಅಂದ. ಅದಕ್ಕೇ ಈ ಕಾಗದ. ಫೋನು ಮಾಡೋಣವೆಂದರೆ ನಿನ್ನ ಫೋನನ್ನು ನಿನ್ನ ಗಂಡ ಗೋಡೆಗೆ ಬಡಿದು ಪುಡಿ ಮಾಡಿದ್ದಾನೆ. ನಿಮ್ಮಪ್ಪನ ಫೋನಿಗೆ ಮಾಡಿದರೆ ಅವರು ಸ್ಪೀಕರ್ ಹಾಕಿಕೊಂಡು ಬೀದಿಗೆಲ್ಲ ಕೇಳಿಸುತ್ತಾರೆ. ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಬರಬೇಡ. ನೀನೂ ಬರಬೇಡ, ಮಗು ಕೀರ್ತನಾಳನ್ನೂ ಕರೆತರಬೇಡ.

ಗಂಡನಿಗೆ ಪೆಟ್ಟಾದಾಗ ಹೆಂಡತಿ ಪಕ್ಕದಲ್ಲಿಲ್ಲದಿದ್ದರೆ ಜನ ಏನಂದಾರು ಎಂದು ನಿಮ್ಮಮ್ಮ ಕೇಳಿರುತ್ತಾರೆ. ಕೇಳಲಿ. ಕೊಳ್ಳುವವರು ಸೀರೆಯ ಮುಂಭಾಗ ನೋಡುತ್ತಾರೆ. ನಾನು ತಿರುಗಿಸಿ ಹಿಂಭಾಗ ನೋಡುವವಳು. ಗಂಟು, ಕಡಿದ ಎಳೆ ಎಲ್ಲ ಅಲ್ಲೇ ಇರುತ್ತವೆ. ಅಳು ಬಂದಾಗ ಯಾರಿಗೂ ತಿರುಗಿಸಿ ನೋಡುವ ವ್ಯವಧಾನ ಇರುವುದಿಲ್ಲ. ನಿನ್ನ ಪರವಾಗಿ ನಾನೇ ತಿರುಗಿಸುತ್ತೇನೆ, ನೋಡು.

ಸ್ಕೂಲು ಮುಚ್ಚಿ ಪಾಠ ಫೋನಿಗೆ ಬಂದ ಕಾಲಕ್ಕೆ ನಮ್ಮ ಮಗ್ಗಗಳೂ ನಿಂತಿದ್ದವು. “ನಾನೇ ಕೂತ್ಕೊಂಡು ಹೇಳ್ಕೊಡ್ತೀನಿ ಕಣಮ್ಮ, ನನ್ ಮಗಳು ಇಂಗ್ಲಿಷ್ ಮೀಡಿಯಂ” ಎಂದು ಆನಂದ ಚಾಪೆ ಹಾಸಿದಾಗ ನಾವಿಬ್ಬರೂ ಖುಷಿಪಟ್ಟೆವು. ಅವನು ಕಿರುಚಿ ಹೇಳಿಕೊಡುವ ಭರಾಟೆಗೆ ನಮ್ಮ ಬೀದಿಯ ಮುದುಕಿಯರಿಗೂ ಎಬಿಸಿಡಿ ಬಂದುಬಿಟ್ಟಿತು. “ಏನ್ ಪದ್ಮಕ್ಕ, ನಿನ್ ಮಗ ಈ ಸಲನಾದ್ರೂ ಒಂದ್ನೇ ಕ್ಲಾಸ್ ಪಾಸಾಯ್ತಾನಾ?” ಎಂದು ತಿಪ್ಪೇಸ್ವಾಮಿ ಕಿಚಾಯಿಸಿದ. ನಗುವಂಥದ್ದು ಅಲ್ಲಿಗೇ ಮುಗಿಯಿತು.

ಮೊದಲು ಕಿವಿ ಹಿಂಡಿದ. ಆಮೇಲೆ ತೊಡೆ ಚಿವುಟಿದ. ಫೋನಿಗೆ ಮಗುವಿನ ಮುಖ ಮಾತ್ರ ಕಾಣುತ್ತದೆ, ತೊಡೆ ಕಾಣುವುದಿಲ್ಲ ಎಂಬ ಲೆಕ್ಕ. ಅವನ ಬುದ್ಧಿ ನನ್ನದೇ, ಖರ್ಚು ಮಾಡುವ ಜಾಗ ಮಾತ್ರ ಬೇರೆ. ಆಮೇಲೆ ಮಗ್ಗದಲ್ಲಿ ನೂಲು ಓಡಿಸುವ ಹಳೆಯ ಮರದ ಲಾಳಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಕೂರತೊಡಗಿದ. ನೀನು ಸ್ನಾನ ಮಾಡಿಸುವಾಗ ಕರೆದು ತೋರಿಸಿದೆಯಲ್ಲ, ನೀಲಿ, ಹಸಿರು, ಹಳದಿ, ನೂಲಿಗೆ ಬಣ್ಣ ಹಾಕುವವರ ಅಂಗಳದ ಹಾಗಿತ್ತು ಮಗುವಿನ ಕಾಲು. ಲಾಳಿ ಕಿತ್ತುಕೊಳ್ಳಲು ಹೋದ ನನ್ನ ಮಣಿಕಟ್ಟು ತಿರುಚಿದ. “ನೀ ಸುಮ್ಕಿರಮ್ಮ. ಏಟು ತಿನ್ದೆ ಯಾರಿಗೆ ಚದುವು ಬಂದೈತೆ?” ಅಂದ.

“ಏಟಿಲ್ದೆ ನಿನಗೆ ಪಾಠ ಬಂದೈತಲ್ಲೋ” ಅಂದೆ ನಾನು. ನಿನ್ನ ಮಾವನವರನ್ನು ನೀನು ಕಂಡವಳಲ್ಲ. ಮಗ್ಗ ಓಡುವಾಗ ಕರೆಂಟು ಹೋದರೆ ಮೊದಲು ಸ್ವಿಚ್ ಆರಿಸಬೇಕು, ಆಮೇಲೆಯೇ ಒಳಗೆ ಕೈ ಹಾಕಬೇಕು. ಇಲ್ಲದಿದ್ದರೆ ಕರೆಂಟು ಬಂದ ಗಳಿಗೆಗೆ ಮಗ್ಗ ತಾನಾಗಿ ಎದ್ದು ಹೊಡೆಯುತ್ತದೆ. ಆನಂದ ಕೀರ್ತನಾಳಷ್ಟು ಇದ್ದಾಗ ಅವರು ಅವನನ್ನು ಎತ್ತಿ ಸ್ವಿಚ್ಚಿನ ಹತ್ತಿರ ಹಿಡಿದು ಕೇಳುತ್ತಿದ್ದರು: “ಮೊದ್ಲು?” “ಆರ್ಸು.” “ಆಮ್ಯಾಕೆ?” “ನೋಡು.” “ಆಮ್ಯಾಕೆ?” “ಕೈ.” ಹೇಳಿದ ಕೂಡಲೇ ಬಾಯಿಗೆ ಒಂದು ಚೂರು ಬೆಲ್ಲ. ತಪ್ಪಿ ಹೇಳಿದರೆ ಇಬ್ಬರೂ ನಗುತ್ತಿದ್ದರು, ಆಗಲೂ ಬೆಲ್ಲವೇ. ಒಂದು ದಿನವೂ ಏಟು ಹಾಕಲಿಲ್ಲ. ಇದನ್ನು ನೆನಪಿಸಿದರೆ ನಿನ್ನ ಗಂಡ, “ಅಪ್ಪನ ಕಾಲ್ದಾಗೆ ಇಂಗ್ಲಿಷ್ ಇತ್ತಾ?” ಅಂದ.

ಮಗು ಪಾಠ ಕೇಳುವುದನ್ನೇ ಬಿಟ್ಟು ಮಗ್ಗದ ಮೇಲಿನ ಬಲ್ಬು ನೋಡುತ್ತ ಕೂರುತ್ತಿತ್ತು. ಕರೆಂಟು ಹೋದರೆ ವೈಫೈ ಹೋಗುತ್ತದೆ, ವೈಫೈ ಹೋದರೆ ಕ್ಲಾಸು ಹೋಗುತ್ತದೆ, ಕ್ಲಾಸು ಹೋದರೆ ಲಾಳಿ ಗೂಟಕ್ಕೆ ಹೋಗುತ್ತದೆ. ಆ ಕೋಣೆಯಲ್ಲಿ ಅದು ತಾನಾಗಿ ಕಲಿತದ್ದು ಅದೊಂದನ್ನೇ.

ನೀವು ಮನೆ ಬಿಡುವ ಹಿಂದಿನ ದಿನದ್ದು ನಿನಗೆ ಹೇಳಬೇಕಾಗಿಲ್ಲ. ಆದರೆ ನೀನು ಅಡುಗೆಮನೆಯಲ್ಲಿದ್ದೆ, ಮೊದಲಿನ ಅರ್ಧ ನೋಡಿಲ್ಲ. ಜ್ಯೋತಿಲಕ್ಷ್ಮಿ ಮಿಸ್ಸು ಇಪ್ಪತ್ತರಿಂದ ಹಿಂದಕ್ಕೆ ಎಣಿಸು ಅಂದರು. ಮಗು ಹನ್ನೆರಡರ ತನಕ ಬಂದು ನಿಂತಿತು. ಆನಂದ ಫೋನಿನ ದನಿ ಆರಿಸಿದ್ದೇನೆ ಅಂದುಕೊಂಡಿದ್ದ, ಆರಿರಲಿಲ್ಲ. ಲಾಳಿ ಬಿದ್ದದ್ದು ಮೊಳಕೈಯ ಮೂಳೆಗೆ. ಮರ ಮೂಳೆಗೆ ತಾಗಿದ ಸದ್ದು, ಮಗುವಿನ ಚೀರು, ಅವನ ಬೈಗುಳ, ಮೂರೂ ಎಲ್ಲರ ಮನೆಗೂ ಹೋದವು. ಫೋನಿನ ಚೌಕಗಳಲ್ಲಿದ್ದ ಪುಟ್ಟ ಮುಖಗಳು ಹಾಗೇ ನಿಂತವು. ಒಂದು ಹುಡುಗಿ ಎರಡೂ ಕಿವಿ ಮುಚ್ಚಿಕೊಂಡಳು. “ಕೀರ್ತನಾ ಪೇರೆಂಟ್ಸ್, ಕೊಂಚೆಂ ಮ್ಯೂಟ್ ಚೇಸ್ಕೋಂಡಿ” ಎಂದು, ಸ್ವಲ್ಪ ದನಿ ಆರಿಸಿಕೊಳ್ಳಿ ಅಂತ, ಮಿಸ್ಸು ಕೇಳಿಕೊಂಡರು. ಆಮೇಲೆ ತಾವೇ ನಮ್ಮ ಮನೆಯ ದನಿ ಆರಿಸಿದರು. ಅಷ್ಟರಲ್ಲಿ ನೀನು ರಾಗಿಹಿಟ್ಟಿನ ಕೈಯಲ್ಲೇ ಓಡಿಬಂದು ಮಗುವಿನ ಮೇಲೆ ಬಗ್ಗಿದೆ. ಅವನು ನಿಲ್ಲಿಸಲಿಲ್ಲ. ಲಾಳಿಯ ಕಬ್ಬಿಣದ ಮೂತಿ ನಿನ್ನ ಹುಬ್ಬು ಸೀಳಿತು. ರಕ್ತ ಫೋನಿನ ಗಾಜಿನ ಮೇಲೆ, ಆ ಮಿಸ್ಸಿನ ಮುಖದ ಮೇಲೇ ಬಿತ್ತು. ಆಯಮ್ಮನಿಗೆ ಅದು ಕಾಣಲಿಲ್ಲ. ಉಳಿದ ಮಕ್ಕಳಿಗೆ ಇಲೆವೆನ್, ಟೆನ್, ನೈನ್ ಎಂದು ಎಣಿಸುತ್ತಲೇ ಇದ್ದರು.

ಮಾರನೆಯ ಬೆಳಿಗ್ಗೆ ತಿಪ್ಪೇಸ್ವಾಮಿಯ ಗಾಡಿಯಲ್ಲಿ ನಿಮ್ಮಿಬ್ಬರನ್ನೂ ನೂಲಿನ ಮೂಟೆಗಳ ನಡುವೆ ಕೂರಿಸಿ ಕಳಿಸಿದ್ದು ನಾನೇ. ನೀನು ಹೋದ ಮೇಲಿನದು ನಿನಗೆ ಗೊತ್ತಿಲ್ಲ. ಈಗ ಅದನ್ನು ಓದು.

ಮಗ್ಗಗಳು ಮತ್ತೆ ಶುರುವಾದವು. ಕೆಲಸ ಸಿಕ್ಕರೆ ತಣ್ಣಗಾಗುತ್ತಾನೆ ಅಂದುಕೊಂಡೆ. ಅವನು ಮಗ್ಗದ ಮುರಿದ ಕೋಲೊಂದನ್ನು ತೆಗೆದು, ಗಾಜಿನ ಚೂರಿನಲ್ಲಿ ಹೆರೆದು ನಯ ಮಾಡಿದ. ಹಿಡಿಯುವ ತುದಿಗೆ ಮಾತ್ರ ಹಳೆ ಬಟ್ಟೆ ಸುತ್ತಿದ. ಯಾಕೋ ಅಂದೆ. “ಹೊಡ್ದೂ ಹೊಡ್ದೂ ನನ್ ಕೈ ನೋಯ್ತೈತೆ ಕಣಮ್ಮ” ಅಂದ. ತಮಾಷೆಗೆ ಹೇಳಲಿಲ್ಲ ಧನಾ, ನಿಜವಾಗಿ ನೊಂದುಕೊಂಡು ಹೇಳಿದ. ಈಗ್ಗೆ ಎರಡು ವಾರದ ಹಿಂದೆ, ಒಂದು ಗುರುವಾರ, ಇಬ್ಬರು ಗೆಳೆಯರನ್ನು ಕರೆದು ಜೀಪಿಗೆ ಹೇಳಿದ. “ಶನಿವಾರ ಹೋಯ್ತೀವಿ. ಅವ್ಳು ಬರ್ದಿದ್ರೆ ಬ್ಯಾಡ. ಪಾಪನ್ನ ಎತ್ತಾಕ್ಕೊಂಡು ಬತ್ತೀನಿ. ಅಡ್ಡ ಬಂದೋರು ಯಾರಾದ್ರೂ ಸರಿ, ತಲೆ ಒಡೀತೀನಿ. ಇನ್ನೊಂದ್ ತಿಂಗ್ಳು ನನ್ ಕೈಗೆ ಸಿಕ್ಲಿ, ಹೆಂಗೆ ಓದಲ್ಲ ನೋಡ್ತೀನಿ” ಅಂದ. ಗೆಳೆಯರು ನನ್ನ ಕೈಯಿಂದ ಕಾಫಿ ತಗೊಂಡು ಕುಡಿದರು.

ಮಾರನೆಯ ದಿನ, ಶುಕ್ರವಾರ ಮಧ್ಯಾಹ್ನ, ಕರೆಂಟು ಹೋಯಿತು. ಮಗ್ಗದ ಮೇಲೆ ಒಂದು ಮದುವೆ ಸೀರೆ, ಅರಿಶಿನ ಬಣ್ಣದ್ದು. ಎಳೆ ಕಡಿದದ್ದು ಕಂಡು ಅವನು ಬಗ್ಗಿ, ನೂಲನ್ನು ಬಡಿದು ಕೂರಿಸುವ ಹಣಿಗೆಗೂ ಬಟ್ಟೆಗೂ ನಡುವೆ ಬಲಗೈ ಹಾಕಿದ. ಸ್ವಿಚ್ ಆರಿಸುವುದನ್ನು ಮರೆತಿದ್ದ. ಕರೆಂಟು ಬಂತು. ಮಗ್ಗಕ್ಕೆ ನೂಲು ಯಾವುದು ಬೆರಳು ಯಾವುದು ಗೊತ್ತಾಗುವುದಿಲ್ಲ. ಅದು ತನ್ನ ಪಾಡಿಗೆ ನೇಯಿತು. ನಾನು ಓಡಿಬಂದು ಆರಿಸುವಷ್ಟರಲ್ಲಿ ಆ ಸೀರೆಗೆ ಯಾರೂ ಕೇಳದ ಕೆಂಪು ಅಂಚು ಬಿದ್ದಿತ್ತು. ತೋರುಬೆರಳು, ನಡುಬೆರಳು, ಉಂಗುರದ ಬೆರಳು ಹೋದವು. ಹಿಂದಿನ ಕಾಲದಲ್ಲಿ ಇಂಥದ್ದಕ್ಕೆ ಬೆಂಗಳೂರಿನ ತನಕ ಹೋಗಬೇಕಿತ್ತು. ಈಗ ಇಲ್ಲೇ ಕತ್ತರಿಸಿ ಹೊಲಿಯುತ್ತಾರೆ.

ಆಸ್ಪತ್ರೆಯಲ್ಲಿ ಜ್ವರ ಏರಿ “ನಾನ್ ಆರ್ಸಿದ್ದೆ, ನಾನ್ ಆರ್ಸಿದ್ದೆ” ಎಂದು ಬಡಬಡಿಸಿದ. ಜ್ವರದ ಮಾತು, ಗಾಬರಿಯಾಗಬೇಡಿ ಎಂದು ಡಾಕ್ಟರು ನನಗೇ ಸಮಾಧಾನ ಹೇಳಿದರು. ಜ್ವರ ಇಳಿದ ಮೇಲೆ ಅತ್ತ. “ಧನೂನ ಕರ್ಸಮ್ಮ, ಪಾಪನ ಮುಖ ನೋಡ್ಬೇಕು” ಅಂದ. ಅದನ್ನೇ ತಿಪ್ಪೇಸ್ವಾಮಿ ನಿನ್ನ ಹತ್ತಿರ ತಂದದ್ದು. ಅದು ಸೀರೆಯ ಮುಂಭಾಗ.

ಇನ್ನು ಹಿಂಭಾಗ. ಎಡಗೈ ರೂಢಿ ಮಾಡಿಸಿ ಎಂದು ಡಾಕ್ಟರು ಹೇಳಿ ಮನೆಗೆ ಕಳಿಸಿದ್ದಾರೆ. ಮಾಡಿಕೊಳ್ಳುತ್ತಿದ್ದಾನೆ. ಮೊದಲು ಚಮಚ ಹಿಡಿದ, ಆಮೇಲೆ ಬಾಚಣಿಗೆ. ನಿನ್ನೆ ಕಾಫಿ ತಣ್ಣಗಿದೆ ಎಂದು ಸ್ಟೀಲ್ ಲೋಟ ಎಸೆದ; ನನ್ನ ಕಣ್ಣಿನ ಕೆಳಗೆ ಸೀಳಿತು. ಬಲಗೈಯವನಾಗಿದ್ದಾಗಲೂ ಅವನಿಗೆ ಇಷ್ಟು ಗುರಿ ಇರಲಿಲ್ಲ. ಸಂಜೆ ಕೇಳಿದ, “ಬಟ್ಟೆ ಸುತ್ತಿದ್ನಲ್ಲ, ಆ ಕೋಲೆಲ್ಲಮ್ಮ?” ಹಂಡೆ ಒಲೆಗೆ ಹಾಕಿದೆ ಎಂದೆ. “ಇನ್ನೊಂದ್ ಮಾಡ್ಕೊಂಡ್ರಾಯ್ತು” ಅಂದ. ಎಡಗೈ ಬೇಗ ಕಲಿಯುತ್ತಿದೆ ಧನಾ. ನೀನು ಬುಧವಾರ ಬಂದರೆ ಅದಕ್ಕೆ ಪಾಠ ಮಾಡಲು ಮಗು ಸಿಕ್ಕ ಹಾಗಾಗುತ್ತದೆ.

ಅವನಿಗೆ ಉಣ್ಣಿಸಲು, ಕಟ್ಟು ಬದಲಿಸಲು ನಾನಿದ್ದೇನೆ. ಹೆತ್ತವಳು ನಾನು; ಆ ಕೆಲಸ ನಿನಗೆ ಬರೆದದ್ದಲ್ಲ.

ಕ್ಲಾಸಿನ ಟ್ಯೂನು ಬಂದರೆ ಮಗು ಮಂಚದ ಕೆಳಗೆ ಸೇರಿಕೊಳ್ಳುತ್ತದೆಯಂತೆ, ಬಾಯೇ ಬಿಡುವುದಿಲ್ಲವಂತೆ. ಎಳೆಯಬೇಡ. ನಿಮ್ಮಪ್ಪನ ಫೋನು ತಗೊಂಡು ನೀನೇ ಮಂಚದ ಕೆಳಗೆ ಹೋಗು, ಸ್ಕೂಲು ಅಲ್ಲೇ ನಡೆಯಲಿ. ಅವನು ಕೂರುತ್ತಿದ್ದದ್ದು ಮಗುವಿನ ಬಲಗಡೆ. ನೀನು ಎಡಗಡೆ ಕೂರು. ತಲೆ ಸವರುವ ಮುಂಚೆ ಬರಿಗೈ ತೋರಿಸು, ಆಮೇಲೆ ಸವರು. ಎಣಿಕೆಗೆ ನಿಮ್ಮ ಕಡೆಯ ಕಡಲೆಕಾಯಿ ಸಾಕು; ಎಣಿಸಿದ್ದನ್ನು ಸುಲಿದು ತಿನ್ನಲಿ, ಆಗ ಇಪ್ಪತ್ತರಿಂದ ಹಿಂದಕ್ಕೆ ಬರುವುದು ತಾನಾಗಿ ಗೊತ್ತಾಗುತ್ತದೆ. ಹನ್ನೆರಡಕ್ಕೆ ನಿಂತರೆ ನೀನೂ ನಿಲ್ಲು. ಮಿಸ್ಸಿಗೆ ಅವಸರವಿದ್ದರೆ ಅವರ ದನಿ ಆರಿಸು. ಆರಿಸುವುದು ನಮಗೂ ಬರುತ್ತದೆ ಅಂತ ಗೊತ್ತಾಗಲಿ.

ತಿಪ್ಪೇಸ್ವಾಮಿ ಕೈಲಿ ಬೆಲ್ಲದ ಅಚ್ಚು ಕಳಿಸಿದ್ದೇನೆ, ನಮ್ಮ ಹಿಂದೂಪುರದ್ದೇ, ಹೊಸದು. ಮೊಮ್ಮಗಳಿಗೆ ಜೇಜಿ ಕೊಟ್ಟಳು ಅಂತ ಹೇಳು. ಸರಿ ಹೇಳಿದರೆ ಒಂದು ಚೂರು ಕೊಡು. ತಪ್ಪು ಹೇಳಿದರೂ ಕೊಡು.

ನಿನ್ನ ಹುಬ್ಬಿನ ಗಾಯಕ್ಕೆ ನೀರು ತಾಗಿಸಬೇಡ.

ನಿನ್ನ ಅತ್ತೆ, ಕೀರ್ತನಾಳ ಜೇಜಿ,
ಪದ್ಮಾವತಮ್ಮ

ವಿ.ಸೂ.: ಬರೆದದ್ದನ್ನು ತಿರುಗಿಸಿ ಓದಿದೆ. ಒಂದು ಗಂಟು ಉಳಿದುಬಿಟ್ಟಿದೆ. ಸ್ವಿಚ್ ಆರಿಸುವುದನ್ನು ಮರೆತಿದ್ದ ಎಂದು ಬರೆದಿದ್ದೇನೆ; ಆಸ್ಪತ್ರೆಯಲ್ಲೂ ಹಾಗೆಯೇ ಬರೆಸಿದೆ. ಬೆಲ್ಲ ತಿಂದು ಕಲಿತದ್ದನ್ನು ಯಾರೂ ಮರೆಯುವುದಿಲ್ಲ. ಕರೆಂಟು ಹೋದ ಕೂಡಲೇ ಅವನು ಆರಿಸಿದ, ನೋಡಿದ, ಆಮೇಲೆಯೇ ಕೈ ಹಾಕಿದ, ಅವರಪ್ಪ ಹೇಳಿಕೊಟ್ಟ ಹಾಗೆ. ನಾನು ಓಡಿ ಬರಲಿಲ್ಲ. ಸ್ವಿಚ್ಚಿನ ಪಕ್ಕದಲ್ಲೇ ನಿಂತು, ಕೀರ್ತನಾ ನೋಡುತ್ತಿದ್ದ ಹಾಗೆ ಬಲ್ಬನ್ನೇ ನೋಡುತ್ತಿದ್ದೆ. ಬಲ್ಬು ಹತ್ತಿತು. ಅವನು ಇನ್ನೂ ಬಗ್ಗಿಯೇ ಇದ್ದ. ಸ್ವಿಚ್ ಹಾಕಿದೆ. ಅವನಿಗೂ ಅದು ಗೊತ್ತು. ನಿನ್ನೆ ಲೋಟ ಎಸೆದದ್ದು ಕಾಫಿಗಲ್ಲ. ದೇವರೇ ಶಿಕ್ಷೆ ಕೊಟ್ಟನಲ್ಲ, ಇನ್ನು ಸಾಕು ಎಂದು ಕನಿಕರಪಟ್ಟು ಬುಧವಾರದ ಬಸ್ಸು ಹತ್ತಬೇಡ. ಆ ಹೊತ್ತಿನಲ್ಲಿ ಮಗ್ಗದ ಮನೆಯಲ್ಲಿ ದೇವರಿರಲಿಲ್ಲ. ನಾನಿದ್ದೆ.