ಪುಣೆಯಲ್ಲಿ ನೀನಾಡಿದ ಮಾತು

ಇಸಳೂರು, ಶಿರಸಿ
ಡಿಸೆಂಬರ್ ೨೯, ೨೦೨೪

ಪ್ರೀತಿಯ ಶ್ರೀವಾಣಿ,

ಯಲ್ಲಾಪುರದಲ್ಲಿ ನೀನೂ ನಿನ್ನ ಮನೆಯವರೂ ಆರಾಮಾಗಿದ್ದೀರಿ ಎಂದುಕೊಂಡಿದ್ದೇನೆ. ದೀಪಾವಳಿಯಿಂದ ಈಚೆಗೆ ನಿನ್ನ ಏಳೆಂಟು ಫೋನು ಬಂದವು. ಒಂದನ್ನೂ ಎತ್ತಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಬರೆದೇ ಕಳಿಸೋಣ ಎಂದು ದಿನ ದೂಡುತ್ತ ದೂಡುತ್ತ ವರ್ಷವೇ ಮುಗಿಯುತ್ತ ಬಂತು. ಕಾಲೇಜಿನ ರಜೆಯಲ್ಲಿ ಒಬ್ಬರಿಗೊಬ್ಬರು ಬರೆಯುತ್ತಿದ್ದೆವಲ್ಲ, ಹಾಗೆಂದುಕೊಂಡು ಓದು.

ಈ ವರ್ಷ ಶುರುವಾದದ್ದು ಎಷ್ಟು ಚೆಂದ! ಜನವರಿಯಲ್ಲಿ ಸಿದ್ದಾಪುರದಲ್ಲಿ ನಮ್ಮ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ; ನೀನು, ನಾನು, ಕಾವ್ಯಶ್ರೀ ಕುಳಿತಲ್ಲೇ ಬರೀ ಮಾತಿನಲ್ಲಿ ಮೂರು ತಾಸು ಜನರನ್ನು ಹಿಡಿದಿಟ್ಟೆವು. ಮುಗಿದ ಮೇಲೆ ದೊಡ್ಮನೆ ಕಡೆಯ ಹಿರಿಯರೊಬ್ಬರು ನನ್ನ ಹತ್ತಿರ ಬಂದು, "ತಂಗಿ, ನಿನ್ನ ಬಾಯಲ್ಲಿ ಕನ್ನಡ ಕೇಳೂಲೆ ಎಷ್ಟ್ ದೂರ ಬೇಕಾರೂ ಬತ್ತೆ" ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ನೀನು ಅದನ್ನೇ ಅವರ ಧ್ವನಿಯಲ್ಲಿ ಹೇಳಿ ಹೇಳಿ ನಗಿಸಿದೆ. ಫೆಬ್ರವರಿಯಲ್ಲಿ ಮೂವರೂ ಬನವಾಸಿಗೆ ಹೋದೆವು. ದಾಸನಕೊಪ್ಪದಲ್ಲಿ ಮಿರ್ಚಿ ತಿಂದು, ಹೊಟ್ಟೆನೋವು ಬರಿಸಿಕೊಂಡೆವು. ಅದೇ ನಾನು ಸರಿಯಾಗಿ ನಕ್ಕ ಕೊನೆಯ ಪ್ರವಾಸ.

ಮಾರ್ಚಿನಲ್ಲಿ ಹತ್ತನೇ ತರಗತಿಗೆ ಪದ್ಯ ಹೇಳುತ್ತಿರುವಾಗಲೇ ನಾಲಿಗೆ ದಪ್ಪಗಾಯಿತು. ಮಕ್ಕಳು ತಮಾಷೆ ಎಂದು ನಕ್ಕರು. ನಾನೂ ನಗಲು ಹೋದೆ, ಅರ್ಧ ಬಾಯಿ ಮಾತ್ರ ನಕ್ಕಿತು. ಲಕ್ವ ಎಂದರು. ಹುಬ್ಬಳ್ಳಿಯ ಆಸ್ಪತ್ರೆಗೆ ಮೊದಲು ಓಡಿ ಬಂದವಳು ನೀನು. ನನ್ನ ಗಲ್ಲದ ಮೇಲೆ ಇಳಿದ ಗಂಜಿಯನ್ನು ನಿನ್ನ ಸೆರಗಿನಿಂದ ಒರೆಸಿ, "ಹೆದ್ರಡ ಮಾರಾಯ್ತಿ, ಆನು ಇದ್ನಲೆ" ಎಂದೆ. ಅದನ್ನು ನಾನು ಮರೆತಿಲ್ಲ.

ಜೂನಿನಲ್ಲಿ ಶಾಲೆಗೆ ಹೋದೆ. ಕೈಕಾಲು ಸರಿಯಾಗಿತ್ತು, ಮಾತು ಸ್ವಲ್ಪ ಎಳೆಯುತ್ತದೆ ಅಷ್ಟೇ ಎಂದು ನಾನು ತಿಳಿದಿದ್ದೆ. ಹೆಡ್‌ಮಾಸ್ತರು ಮಧುಕೇಶ್ವರ ಅವರು ಹಾವೇರಿ ಕಡೆಯವರು, ಒಳ್ಳೆಯ ಮನುಷ್ಯ. "ಬರ್ರಿ ಮೇಡಮ್, ಕುಂದರ್ರಿ" ಎಂದು ಚಹಾ ತರಿಸಿದರು. ನಾನು ಕುಡಿದು ಮುಗಿಸುವವರೆಗೂ ಕಾದು, "ಹುಡುಗ್ರು ನಿಮ್ಮ ಉಚ್ಚಾರಾನ ರೂಢಿ ಮಾಡ್ಕೊಂಡ್ರ ಕಷ್ಟ ಆಗ್ತದ್ರಿ" ಎಂದು ಲೈಬ್ರರಿಯ ಬೀಗದಕೈ ಮುಂದಿಟ್ಟರು. ಇಪ್ಪತ್ತೆರಡು ವರ್ಷ ಮಕ್ಕಳ ಒತ್ತಕ್ಷರ ತಿದ್ದಿದವಳು ನಾನು. ಯಾರೋ ಅವರ ಕಿವಿ ಊದಿರಬೇಕೆಂದು ಎರಡು ದಿನ ಎಲ್ಲರ ಮೇಲೂ ಅನುಮಾನಪಟ್ಟೆ.

ಮನೆಯಲ್ಲಿ ನಮ್ಮ ಯಜಮಾನರು ಕಮಲಾಕರರದ್ದು ಬೇರೆಯೇ ಉಪಕಾರ. ಅಂಗಡಿಯವ ನನ್ನನ್ನು ಕೇಳಿದರೆ ಇವರು ಉತ್ತರ ಕೊಡುತ್ತಾರೆ. ಒಂದು ದಿನ "ಆನೇ ಹೇಳ್ತೆ" ಎಂದು ಗದರಿ, ಬೇಕಾದ್ದನ್ನೆಲ್ಲ ಹೇಳಿದೆ. ಅಂಗಡಿಯವ ಪೂರ್ತಿ ಕೇಳಿಸಿಕೊಂಡು, ಇವರ ಕಡೆ ತಿರುಗಿ, "ಏನಂದ್ರು?" ಎಂದ.

ಆಗಸ್ಟಿನಲ್ಲಿ ತಾಳಮದ್ದಳೆಗೆ ಪುಣೆಯ ಕನ್ನಡದವರ ಕರೆ ಬಂತು. ನೀನು ಮನೆಗೆ ಬಂದೆ, ಊಟ ಮಾಡಿದೆ, ಬೇಡವೆಂದರೂ ಪಾತ್ರೆ ತೊಳೆದೆ. ಆಮೇಲೆ ಕೇಳಿದೆ: "ಪರಿಮಳಾ, ನಿನ್ನ ಅರ್ಥದ ಪಟ್ಟಿ ಯಂಗೆ ಕೊಡು. ಬಪ್ಪ ವರ್ಷ ನೀನೇ ಹೇಳಲಕ್ಕು. ಈ ಸಲ ಸುಮ್ನೆ ಯಂಗಳ ಸಂತಿಗೆ ಬಾ, ಪುಣೆ ನೋಡ್ಲಕ್ಕು." ನನ್ನ ಅರ್ಥ ಈ ಸಲ ನೀನು ಹೇಳುವುದು, ನಾನು ನಿಮ್ಮ ಜೊತೆ ಬರೀ ಊರು ನೋಡಲು ಬರುವುದು. ಪದ್ಯಗಳಿಗೆ ಹದಿನಾಲ್ಕು ವರ್ಷ ಒಂದೊಂದೇ ಮಾತು ಕಟ್ಟಿ ಬರೆದಿಟ್ಟ ನೋಟುಬುಕ್ಕು ಆ ಪಟ್ಟಿ. ತೆಗೆದು ಕೊಟ್ಟೆ.

ಅಕ್ಟೋಬರಿನಲ್ಲಿ ಪುಣೆಗೆ ಹೋದೆವು. ಊಟದ ಹೊತ್ತಿಗೆ ಅಲ್ಲಿಯ ಹೆಂಗಸೊಬ್ಬರು ನನ್ನನ್ನು, "ನೀವೂ ಅರ್ಥ ಹೇಳ್ತೀರಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕಾವ್ಯಶ್ರೀ, "ಇಲ್ಲ ಇಲ್ಲ, ಅವರು ಊರು ನೋಡೋಕೆ ಬಂದವರು" ಎಂದಳು. ನೀನು ಪಕ್ಕದಲ್ಲೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದೆ.

ಆಮೇಲೆ ಮೂರನೇ ಸಾಲಿನಲ್ಲಿ ಕುಳಿತು ನನ್ನ ಮಾತುಗಳನ್ನು ನಿನ್ನ ಬಾಯಲ್ಲಿ ಕೇಳಿದೆ. ಎಲ್ಲಿ ನಿಲ್ಲಬೇಕು, ಎಲ್ಲಿ ಧ್ವನಿ ಇಳಿಸಬೇಕು ಎಂದು ಪಟ್ಟಿಯಲ್ಲಿ ಗೀಟು ಹಾಕಿದ್ದೆನಲ್ಲ, ನೀನು ಅಲ್ಲಲ್ಲೇ ನಿಂತೆ, ಅಲ್ಲಲ್ಲೇ ಇಳಿಸಿದೆ. ಸಭೆ ಚಪ್ಪಾಳೆ ಹೊಡೆಯಿತು. ಅಧ್ಯಕ್ಷರು, "ಇವೆಲ್ಲ ಆ ಕ್ಷಣಕ್ಕೆ ಒಳಗಿನಿಂದ ಹುಟ್ಟುವ ಮಾತು, ಯಾರೂ ಬರೆದುಕೊಟ್ಟದ್ದಲ್ಲ" ಎಂದು ಹೊಗಳಿದಾಗ ನೀನು ಕೈಮುಗಿದೆ. ಮೂರನೇ ಸಾಲಿನ ಕಡೆ ನೋಡಲಿಲ್ಲ. ಮರಳುವಾಗ ಬಸ್ಸಿನಲ್ಲಿ, ಅವರು ನಿನಗೆ ಹೊದಿಸಿದ ಶಾಲನ್ನು ನನ್ನ ಮೊಣಕಾಲಿನ ಮೇಲೆ ಹಾಕಿ, "ಚಳಿ ಇದ್ದು, ಹೊದ್ಕ" ಎಂದೆ. ಹೊದ್ದುಕೊಂಡೆ.

ಅದಕ್ಕೇ ನಾನು ಫೋನು ಎತ್ತುತ್ತಿಲ್ಲ ಎಂದು ನೀನು ತಿಳಿದಿರಬಹುದು. ಅಲ್ಲ. ಆ ಸಿಟ್ಟು ಇದ್ದದ್ದು ನಾಲ್ಕೇ ದಿನ. ನನ್ನ ಬಾಯಿಂದ ಬರಲಾರದ ಮಾತು ಪಟ್ಟಿಯೊಳಗೇ ಗೆದ್ದಲು ಹಿಡಿಯುವುದಕ್ಕಿಂತ ನಿನ್ನ ಬಾಯಿಂದ ಬರಲಿ ಎಂದು ಸಮಾಧಾನ ಮಾಡಿಕೊಂಡೆ. ಪಟ್ಟಿ ನೀನೇ ಇಟ್ಟುಕೋ. ಒಂದೇ ತಿದ್ದುಪಡಿ: 'ಶಪಥ' ಎನ್ನುವಾಗ ನೀನು 'ಶಪತ' ಎನ್ನುತ್ತೀ. ಪುಣೆಯವರಿಗೆ ನಡೆಯಿತು, ಸಿದ್ದಾಪುರದವರು ಬಿಡುವುದಿಲ್ಲ.

ನಿನ್ನ ಮಗಳು ಅಭಿಜ್ಞಾಳ ಮದುವೆಯ ಕರೆಯೋಲೆ ಮುಟ್ಟಿತು. ಅವಳು ನನ್ನ ತೊಡೆಯ ಮೇಲೆ ಅಕ್ಷರ ಕಲಿತ ಕೂಸು. ಗಂಡನ ಮನೆಯಲ್ಲಿ ಅವಳ ಮಾತನ್ನು ಕೂತು ಕೇಳುವವರು ಸಿಗಲಿ, ನೂರು ವರ್ಷ ಚೆನ್ನಾಗಿ ಬಾಳಲಿ. ನಾನು ಬರುವುದಿಲ್ಲ, ಕಮಲಾಕರರು ಸೀರೆ ತಂದುಕೊಡುತ್ತಾರೆ. ನಿನಗೂ ದೇವರು ಒಳ್ಳೆಯದು ಮಾಡಲಿ.

ನಿನ್ನ,
ಪರಿಮಳಾ

ತಾ.ಕ. — ಪುಣೆಯಿಂದ ಬಂದ ವಾರಕ್ಕೆ, ನಮ್ಮ ತಂಡದ ವಾಟ್ಸಾಪಿಗೆ ನೀನೊಂದು ಆಡಿಯೋ ಹಾಕಿದೆ. ಕಾವ್ಯಶ್ರೀಗೆ ಮಾತ್ರ ಕಳಿಸುವುದು ತಪ್ಪಿ ಅಲ್ಲಿಗೆ ಬಂದಿರಬೇಕು. ಐದು ನಿಮಿಷದಲ್ಲಿ ನೀನೇ ಅಳಿಸಿದೆ, ಯಾರೂ ಕೇಳಿರಲಿಕ್ಕಿಲ್ಲ ಎಂದುಕೊಂಡಿರಬೇಕು. ನಾನು ಕೇಳಿದೆ. ಯಾರೋ ಹೋಟೆಲಿನಲ್ಲಿ ಸಕ್ಕರೆ ಇಲ್ಲದ ಚಹಾ ಕೇಳುತ್ತಿದ್ದಾರೆ. ನಾಲಿಗೆ ಹೊರಳುವುದಿಲ್ಲ, ಪದಗಳು ಎಂಜಲಿನಲ್ಲಿ ಜಾರುತ್ತವೆ, ಮಾಣಿಗೆ ಏನೂ ಅರ್ಥವಾಗುವುದಿಲ್ಲ. ಕುಡುಕನೊಬ್ಬನ ಅನುಕರಣೆ ಮಾಡಿದ್ದೀ ಎಂದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಮುಗಿಯುವ ಮೊದಲೇ ಇವರನ್ನೂ ಕರೆದು ಕೇಳಿಸಿದೆ. ಇವರು ನಗಲಿಲ್ಲ. ಮೊಬೈಲು ಕಿತ್ತುಕೊಳ್ಳಲು ಕೈ ಚಾಚಿದರು. ಅಷ್ಟರಲ್ಲಿ ಕೊನೆಗೆ ನಿನ್ನ ಸ್ವಂತ ಧ್ವನಿ ಬಂತು: "ಹೆಂಗಿದ್ದು ಯಂಗಳ ಪರಿಮಳಾ?"

ಶ್ರೀವಾಣಿ, ನನ್ನ ಕಿವಿಗೆ ನನ್ನ ಮಾತು ಅಲ್ಲಿಯವರೆಗೂ ಮೊದಲಿನ ಹಾಗೇ ಕೇಳುತ್ತಿತ್ತು. ಆ ದಿನದಿಂದ ನಾನು ಇವರ ಹತ್ತಿರವೂ ಮಾತಾಡಿಲ್ಲ.